ಮಹಾಪೌರರ ಕುರ್ಚಿ ಮತ್ತು ನಗರದ ಬಸ್ಸು

ನವೆಂಬರ್ ಒಂದನೆಯ ತಾರೀಖು ನಮಗೆಲ್ಲ ಹಬ್ಬದ ದಿನ. ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಅಂದೇ ಒಂದಾಯಿತು. ಆದರೆ ನಾವು ಬಂದು ನೆಲೆಸಿದ ಈ ನಾಗಪುರದ ಹಿರಿಯರಿಗೆ ಅದೇ ತಾರೀಖಿನ ನೆನಪು ಬೇರೆ. ಅಂದಿನವರೆಗೆ ಹಳೆಯ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ನಾಗಪುರ ಅಂದು ಆ ಪಟ್ಟವನ್ನು ಕಳೆದುಕೊಂಡು ಮುಂಬಯಿ ರಾಜ್ಯದೊಳಗಿನ ಒಂದು ಊರಾಯಿತು. ನಮಗೆ ರಾಜ್ಯ ದೊರೆತ ದಿನವೇ ಇವರಿಗೆ ರಾಜಧಾನಿ ತಪ್ಪಿತು. ಚಳಿಗಾಲದಲ್ಲಿ ಇಲ್ಲಿ ನಡೆಯುವ ವಿಧಾನಮಂಡಲದ ಅಧಿವೇಶನವು ಆ ಹಳೆಯ ನಷ್ಟಕ್ಕೆ ವರ್ಷಕ್ಕೊಮ್ಮೆ ಸಲ್ಲುವ ಬಡ್ಡಿ ಎಂದು ನಾವು ಬ್ಯಾಂಕಿನವರು ತಮಾಷೆಗೆ ಹೇಳುವುದುಂಟು. ಅಸಲು ಮಾತ್ರ ಬಂದಿಲ್ಲ.

ರಾಜಧಾನಿ ಹೋದ ಮೇಲೆ ಊರಿಗೆ ತನ್ನದೆಂದು ಉಳಿದದ್ದು ಕಾರ್ಪೊರೇಶನ್ನು ಮತ್ತು ಅದರ ಮಹಾಪೌರರು. ನಮ್ಮ ಸಂಘದ ಕಾರ್ಯಕ್ರಮ ಮುಗಿದು ಕಾಫಿಯ ಹೊತ್ತಿಗೆ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಬ್ಬರು ಮೇಲ್ಸೇತುವೆ ಮೆಟ್ರೋಗಳನ್ನು ತೋರಿಸಿ, ಮಹಾಪೌರರೆಂದರೆ ಹೀಗಿರಬೇಕು ಎನ್ನುತ್ತಾರೆ. ಇನ್ನೊಬ್ಬರು ಮಗಳು ಕಾಲೇಜಿನಿಂದ ಬರುವ ಬಸ್ಸಿಗೆ ಮುಕ್ಕಾಲು ಗಂಟೆ ಕಾದ ಕಥೆ ಹೇಳಿ ಅದೇ ಮಹಾಪೌರರನ್ನು ಬೈಯುತ್ತಾರೆ. ಲೆಕ್ಕ ಬರೆಯುವ ವೃತ್ತಿಯವರಾದ ನಮಗೆ ಇಲ್ಲಿ ಒಂದು ಸಂದೇಹ. ಕಿರ್ದಿಯಲ್ಲಿ ಒಂದು ರಕಮು ಕಂಡರೆ ಅದು ಯಾರ ಖಾತೆಗೆ ಸಲ್ಲಬೇಕೆಂದು ಮೊದಲು ನೋಡಬೇಕು. ಈ ಇಬ್ಬರು ಸ್ನೇಹಿತರೂ ಖಾತೆಯನ್ನು ನೋಡಿಲ್ಲ.

ನಾಗಪುರಕ್ಕೆ ಮುನಿಸಿಪಾಲಿಟಿ ಬಂದದ್ದು 1864ರಲ್ಲಿ. 1936ರ ಕಾಯ್ದೆಯಿಂದ ಇಂಪ್ರೂವ್ಮೆಂಟ್ ಟ್ರಸ್ಟ್ ಎಂಬ ಇನ್ನೊಂದು ಸಂಸ್ಥೆ ಹುಟ್ಟಿತು. ಹೊಸ ಬಡಾವಣೆ, ಹೊಸ ರಸ್ತೆಗಳ ಕೆಲಸ ಬಹುಮಟ್ಟಿಗೆ ಅದರ ಕೈಗೆ ಹೋಯಿತು. 1951ರಲ್ಲಿ ಮುನಿಸಿಪಾಲಿಟಿಯು ಕಾರ್ಪೊರೇಶನ್ ಆದಾಗ ಟ್ರಸ್ಟ್ ಹಾಗೆಯೇ ಉಳಿಯಿತು. ಒಂದು ಮನೆಗೆ ಇಬ್ಬರು ಯಜಮಾನರು. ಮೊದಲ ಮಹಾಪೌರರಾದವರು ಬ್ಯಾರಿಸ್ಟರ್ ಶೇಷರಾವ್ ವಾನಖೇಡೆಯವರು. ಮುಂದೆ ಅವರು ರಾಜ್ಯದ ಹಣಕಾಸು ಮಂತ್ರಿಯಾದರು, ವಿಧಾನಸಭೆಯ ಅಧ್ಯಕ್ಷರೂ ಆದರು. ಆದರೆ ಅವರ ಹೆಸರು ದೇಶಕ್ಕೆಲ್ಲ ತಿಳಿದದ್ದು ಮುಂಬಯಿಯ ಕ್ರಿಕೆಟ್ ಮೈದಾನದಿಂದ. ಅಲ್ಲಿನ ಕ್ರಿಕೆಟ್ ಸಂಸ್ಥೆಯ ಮುಖ್ಯಸ್ಥರಾಗಿ ಅವರು ಕಟ್ಟಿಸಿದ ಆ ಕ್ರೀಡಾಂಗಣದಲ್ಲಿ 1975ರ ಜನವರಿಯಲ್ಲಿ ಮೊದಲ ಟೆಸ್ಟ್ ನಡೆಯಿತು. ನಾಗಪುರದ ಮೊದಲ ಮಹಾಪೌರರ ಹೆಸರು ಹೊತ್ತ ಅತಿ ದೊಡ್ಡ ಕಟ್ಟಡ ನಾಗಪುರದಲ್ಲಿಲ್ಲ! ಇದರಲ್ಲಿ ಅವರ ತಪ್ಪೇನೂ ಇಲ್ಲ. ಮಹಾಪೌರರಾಗಿ ಕಟ್ಟಿಸುವ ಅಧಿಕಾರ ಅವರಿಗಿರಲಿಲ್ಲ, ಅಷ್ಟೇ. ಸಭೆಯ ಅಧ್ಯಕ್ಷತೆ ಅವರದು. ಹಣ ಖರ್ಚು ಮಾಡುವ ಸಹಿ, ಗುತ್ತಿಗೆ, ನೌಕರರ ಮೇಲಿನ ಹಿಡಿತ ಎಲ್ಲವೂ ಸರ್ಕಾರ ನೇಮಿಸಿದ ಕಮಿಷನರರದು.

ಈ ಏರ್ಪಾಡಿನ ಮೂಲ ಮುಂಬಯಿಯಲ್ಲಿದೆ. 1865ರ ಕಾಯ್ದೆಯಂತೆ ಆರ್ಥರ್ ಕ್ರಾಫರ್ಡ್ ಎಂಬ ಇಂಗ್ಲಿಷ್ ಅಧಿಕಾರಿ ಅಲ್ಲಿನ ಮೊದಲ ಮುನಿಸಿಪಲ್ ಕಮಿಷನರಾದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯಿಂದ ಸುರಿದಿದ್ದ ಹಣದ ಮಳೆ ಆಗಷ್ಟೇ ನಿಂತಿತ್ತು. ಕ್ರಾಫರ್ಡರು ಮಾತ್ರ ನಿಲ್ಲಲಿಲ್ಲ. ರಸ್ತೆ, ಚರಂಡಿ, ಕೊನೆಗೆ 1869ರಲ್ಲಿ ಅವರದೇ ಹೆಸರಿನ ದೊಡ್ಡ ಮಾರುಕಟ್ಟೆ, ಹೀಗೆ ಕೆಲಸಗಳು ಏಳುತ್ತ ಹೋದವು, ಬೊಕ್ಕಸ ಇಳಿಯುತ್ತ ಹೋಯಿತು. 1871ರಲ್ಲಿ ತೆರಿಗೆದಾರರು ದೊಡ್ಡ ಗಲಭೆಯನ್ನೇ ಎಬ್ಬಿಸಿದರು, ಕ್ರಾಫರ್ಡರು ಹುದ್ದೆ ಬಿಡಬೇಕಾಯಿತು. ಆಗ ತರುಣ ಬ್ಯಾರಿಸ್ಟರರಾಗಿದ್ದ ಫಿರೋಜಶಹಾ ಮೆಹತಾ ಒಂದು ವಿಚಿತ್ರವಾದ ಪಕ್ಷ ಹಿಡಿದರು. ಕೆಲಸ ಮಾಡಿದ ಮನುಷ್ಯನನ್ನು ಹಳಿಯಬೇಡಿ, ಅವನನ್ನು ಪ್ರಶ್ನಿಸಲು ಜನರೇ ಆರಿಸಿದ ಸಭೆ ಇರಲಿಲ್ಲವೆಂಬುದೇ ದೋಷ ಎಂಬುದು ಅವರ ವಾದ. 1872ರಲ್ಲಿ ಚುನಾಯಿತ ಸಭೆ ಬಂತು. 1888ರ ಕಾಯ್ದೆ ಅದನ್ನು ಬಲಪಡಿಸಿತು. ಆದರೆ ಕಾರ್ಯಾಧಿಕಾರ ಕಮಿಷನರರಲ್ಲೇ ಉಳಿಯಿತು. ಸ್ವಾತಂತ್ರ್ಯದ ನಂತರ ನಾಗಪುರಕ್ಕೆ ಬಂದದ್ದೂ ಇದೇ ಅಚ್ಚಿನ ಪದ್ಧತಿ. ಒಂದು ಮಾತನ್ನು ಇಲ್ಲಿ ಸೇರಿಸದಿದ್ದರೆ ಅನ್ಯಾಯವಾದೀತು. ಆ ದಿನ ದುಂದುವೆಚ್ಚವೆನಿಸಿದ ಆ ಮಾರುಕಟ್ಟೆ ಮಹಾತ್ಮಾ ಫುಲೆಯವರ ಹೆಸರು ಪಡೆದು ಇಂದಿಗೂ ನಿಂತಿದೆ. ಅದನ್ನು ಕಟ್ಟಿಸಬಾರದಿತ್ತೆಂದು ಈಗ ಹೇಳುವವರನ್ನು ನಾವು ಕಂಡಿಲ್ಲ.

ಇನ್ನು ಬಸ್ಸಿನ ಮಾತು. ಮುಂಬಯಿಯಲ್ಲಿ ಟ್ರಾಮು, ಬಸ್ಸು, ವಿದ್ಯುತ್ತು ಮೂರೂ 1947ರ ಆಗಸ್ಟಿನಲ್ಲಿ ಮುನಿಸಿಪಾಲಿಟಿಯ ಸ್ವತ್ತಾದವು. ಬೆಸ್ಟ್ ಎಂದು ಎಲ್ಲರೂ ಬಲ್ಲ ಸಂಸ್ಥೆ ಅದು. ನಮ್ಮ ಬೆಂಗಳೂರಿನ ದಾರಿ ಬೇರೆ. 1940ರಲ್ಲಿ ಒಂದು ಕಂಪನಿ ಆರಂಭಿಸಿದ ನಗರ ಬಸ್ಸುಗಳನ್ನು 1956ರಲ್ಲಿ ರಾಜ್ಯ ಸರ್ಕಾರ ವಹಿಸಿಕೊಂಡಿತು. ಅಲ್ಲಿನ ಮೇಯರರಿಗೆ ಬಸ್ಸಿನ ಸಂಬಂಧವೇ ಇಲ್ಲ. ನಾಗಪುರ ಬಹುಕಾಲ ಬೆಂಗಳೂರಿನ ಹಾಗೆಯೇ ಇತ್ತು. ರಾಜ್ಯ ಸಾರಿಗೆಯ ಕೆಂಪು ಬಸ್ಸುಗಳೇ ಊರೊಳಗೂ ಓಡುತ್ತಿದ್ದವು. 2007ರ ಸುಮಾರಿಗೆ ಆ ಹೊರೆ ಕಾರ್ಪೊರೇಶನ್ನಿನ ಹೆಗಲಿಗೆ ಬಂತು. ಗುತ್ತಿಗೆದಾರರ ಮೂಲಕ ಸ್ಟಾರ್ ಬಸ್ ಎಂಬ ಹೆಸರಿನಲ್ಲಿ ಸೇವೆ ನಡೆಯಿತು. ಆದ್ದರಿಂದ ಅದಕ್ಕೆ ಹಿಂದಿನ ಮಹಾಪೌರರನ್ನು ಬಸ್ಸಿಗಾಗಿ ಬೈಯುವುದು ತಪ್ಪು, ಅನಂತರದವರನ್ನು ಅದೊಂದಕ್ಕಾಗಿ ಕೇಳುವುದು ಸರಿ.

ನಡುವೆ ಎರಡೇ ವರ್ಷಗಳ ಒಂದು ಪ್ರಯೋಗ ನಡೆದುಹೋಯಿತು. ಅದು ಈಗ ಬಹುಮಂದಿಗೆ ಮರೆತಿದೆ. 1997ರಲ್ಲಿ ದೇವೇಂದ್ರ ಫಡಣವೀಸ್ ಅವರು ಇಪ್ಪತ್ತೇಳರ ಹರೆಯದಲ್ಲಿ ಮಹಾಪೌರರಾದರು. ಮರುವರ್ಷ ರಾಜ್ಯ ಸರ್ಕಾರವು ಮುಂಬಯಿ ಮತ್ತು ನಾಗಪುರಗಳಿಗೆ ಮಾತ್ರ ಮೇಯರ್-ಇನ್-ಕೌನ್ಸಿಲ್ ಎಂಬ ಪದ್ಧತಿಯನ್ನು ತಂದಿತು. ಮುಖ್ಯಮಂತ್ರಿಗೆ ಮಂತ್ರಿಮಂಡಲವಿರುವಂತೆ ಮಹಾಪೌರರಿಗೂ ಒಂದು ಮಂಡಲ, ಅವರ ಕೈಗೇ ಕಾರ್ಯಾಧಿಕಾರ. ಕಲ್ಕತ್ತೆಯಲ್ಲಿ 1980ರ ಕಾಯ್ದೆಯಿಂದ ಬಂದ ಇಂಥದೇ ಪದ್ಧತಿ ನಿಂತು ಬೇರೂರಿತು. ಇಲ್ಲಿ 1999ರಲ್ಲಿಯೇ ಅದನ್ನು ತೆಗೆದುಹಾಕಿದರು. ಸಸಿ ನೆಟ್ಟು ಎರಡು ಎಲೆ ಬಿಡುವ ಮೊದಲೇ ಕಿತ್ತು ನೋಡಿದ ಹಾಗಾಯಿತು. ಆ ದಶಕ ಮುಗಿಯುತ್ತಲೇ ಊರಿನ ರಸ್ತೆಗಳು ಅಗಲವಾದವು, ಅಡ್ಡಬಂದ ಅತಿಕ್ರಮಣಗಳು ಬಿದ್ದವು. ನಮ್ಮ ಓಣಿಯ ಹಿರಿಯರನ್ನು ಕೇಳಿ ನೋಡಿ, ಆ ಕೆಲಸಕ್ಕೆ ಅವರು ಹೇಳುವ ಹೆಸರು ಯಾವ ಮಹಾಪೌರರದೂ ಅಲ್ಲ, ಕಮಿಷನರ್ ಟಿ. ಚಂದ್ರಶೇಖರ್ ಅವರದು. ಹೊಗಳಿಕೆ ಅಧಿಕಾರಿಗೆ, ಬೈಗುಳ ಚುನಾಯಿತರಿಗೆ. ಅಧಿಕಾರಿ ವರ್ಗವಾಗಿ ಹೋಗುತ್ತಾನೆ, ಅವನನ್ನು ನಾವು ಆರಿಸಿದವರೂ ಅಲ್ಲ, ಇಳಿಸಬಲ್ಲವರೂ ಅಲ್ಲ.

ಮಹಾಪೌರರ ಕೈಗೆ ನಿಜವಾದ ಅಧಿಕಾರ ಕೊಟ್ಟರೆ ಏನಾದೀತು ಎಂಬುದಕ್ಕೆ ಲಂಡನ್ ನಗರವನ್ನು ನೋಡಬಹುದು. ಅಲ್ಲಿ 2000ದಿಂದ ಮೇಯರರನ್ನು ಜನರೇ ನೇರವಾಗಿ ಆರಿಸುತ್ತಾರೆ, ಸಾರಿಗೆ ಅವರ ಅಧೀನ. ಕೆನ್ ಲಿವಿಂಗ್‌ಸ್ಟನ್ ಅವರು 2003ರಲ್ಲಿ ನಗರಮಧ್ಯಕ್ಕೆ ಬರುವ ಮೋಟಾರುಗಳ ಮೇಲೆ ದಿನಕ್ಕೆ ಐದು ಪೌಂಡು ಶುಲ್ಕ ಹಾಕಿ, ಆ ಹಣವನ್ನು ಬಸ್ಸು ಮೊದಲಾದ ಸಾರಿಗೆಗೆ ಕೊಟ್ಟರು. ಅವರ ನಂತರ ಬಂದ ಬೋರಿಸ್ ಜಾನ್ಸನ್ ಅವರು ಥೇಮ್ಸ್ ನದಿಯ ಮೇಲೆ ಗಿಡಮರಗಳ ಸೇತುವೆಯೊಂದನ್ನು ಕಟ್ಟಿಸಹೊರಟರು. ಜನರ ಹಣ 4 ಕೋಟಿ 30 ಲಕ್ಷ ಪೌಂಡು ಖರ್ಚಾಯಿತು. 2017ರಲ್ಲಿ ಯೋಜನೆಯನ್ನು ಕೈಬಿಟ್ಟಾಗ ನದಿಯ ಮೇಲೆ ಒಂದು ಇಟ್ಟಿಗೆಯೂ ಇರಲಿಲ್ಲ. ಅಧಿಕಾರ ಕೊಟ್ಟ ಮಾತ್ರಕ್ಕೆ ವಿವೇಕ ಬರುವುದಿಲ್ಲವೆಂಬುದು ನಿಜವೇ. ಆದರೆ ಅಲ್ಲಿ ವಿಚಾರಣೆ ನಡೆಯಿತು, ಪ್ರಶ್ನೆ ಯಾರ ಬಾಗಿಲಿಗೆ ಹೋಗಬೇಕೆಂಬುದು ಊರಿಗೆಲ್ಲ ಗೊತ್ತಿತ್ತು.

ನಮ್ಮೂರಿನ ಬಸ್ಸು ಕಾರ್ಪೊರೇಶನ್ನಿಗೆ ಬಂದು ಆರು ವರ್ಷವಾಗುವಷ್ಟರಲ್ಲಿ ಅದರ ಕೈ ಬರಿದಾಗತೊಡಗಿತು. ನಾಗಪುರ ಬದುಕಿದ್ದು ಜಕಾತಿಯಿಂದ. ಊರೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ನಿತ್ಯ ಬರುವ ನಗದು ಅದು. ಕರ್ನಾಟಕ 1979ರಲ್ಲಿಯೇ ಜಕಾತಿಯನ್ನು ರದ್ದುಮಾಡಿತ್ತು. ಇಲ್ಲಿ 2013ರ ಏಪ್ರಿಲಿನಲ್ಲಿ ಅದು ಹೋಗಿ ಸ್ಥಳೀಯ ಸಂಸ್ಥಾ ತೆರಿಗೆ ಬಂತು. 2015ರಲ್ಲಿ ಅದೂ ಬಹುಪಾಲು ವ್ಯಾಪಾರಿಗಳಿಗೆ ಮಾಫಿಯಾಯಿತು, 2017ರಲ್ಲಿ ಜಿ.ಎಸ್.ಟಿ. ಬಂದು ಎಲ್ಲವನ್ನೂ ನುಂಗಿತು. ಲಾರಿಗಳು ನಾಕಾದಲ್ಲಿ ಸಾಲುಗಟ್ಟಿ ನಿಲ್ಲುವುದು ತಪ್ಪಿದ್ದು ಒಳ್ಳೆಯದೇ. ಆದರೆ ದಿನದ ಗಲ್ಲಾಪೆಟ್ಟಿಗೆ ಹೋಗಿ, ಸರ್ಕಾರದ ಅನುದಾನದ ದಾರಿ ಕಾಯುವ ಸ್ಥಿತಿ ಬಂತು.

ಬಿ.ಕಾಂ. ಓದಿದವರಿಗೆ ಬಂಡವಾಳದ ಖರ್ಚು ಬೇರೆ, ನಿತ್ಯದ ಖರ್ಚು ಬೇರೆ ಎಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಬಂಡವಾಳದ ಖರ್ಚಿಗೆ ಶಿಲಾನ್ಯಾಸವಿದೆ, ಉದ್ಘಾಟನೆಯಿದೆ, ಪರದೇಶದ ಸಾಲವೂ ದೊರೆಯುತ್ತದೆ. ಡೀಸೆಲು, ಟೈರು, ಚಾಲಕನ ಸಂಬಳಗಳಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ನಮ್ಮ ಊರಿನಲ್ಲಿ ಸ್ವೀಡನ್ ಕಂಪನಿಯೊಂದರ ಹಸಿರು ಬಸ್ಸು ಬಂದದ್ದು ನೆನಪಿರಬಹುದು. ಎಥೆನಾಲಿನಿಂದ ಓಡುವ ಬಸ್ಸು ಅದು. 2014ರಲ್ಲಿ ಪ್ರಯೋಗವಾಗಿ ಒಂದು ಬಂತು, 2016ರ ಕೊನೆಗೆ ಇನ್ನಷ್ಟು ಬಂದವು, 2018ರಲ್ಲಿ ಎಲ್ಲವೂ ನಿಂತುಹೋದವು. ಅದೇ ಕಾಲದಲ್ಲಿ ಮೆಟ್ರೋ ಏಳುತ್ತಿತ್ತು. 2014ರ ಆಗಸ್ಟಿನಲ್ಲಿ ಶಿಲಾನ್ಯಾಸ, ಮೊದಲ ಹಂತಕ್ಕೆ 8,680 ಕೋಟಿ ರೂಪಾಯಿಯ ಅಂದಾಜು. ಸುಮಾರು 40 ಕಿಲೋಮೀಟರಿಗೆ ಇಷ್ಟೆಂದರೆ ಕಿಲೋಮೀಟರಿಗೆ ಇನ್ನೂರು ಕೋಟಿಗೂ ಮೇಲೆ. ಅರ್ಧ ಸಾಲ. ಕೇಂದ್ರ, ರಾಜ್ಯ ಎರಡೂ ನೂರಕ್ಕೆ ಇಪ್ಪತ್ತರಂತೆ. ಉಳಿದುದರಲ್ಲಿ ಕಾರ್ಪೊರೇಶನ್ ಐದು, ಟ್ರಸ್ಟ್ ಐದು. ಊರಿನ ಪಾಲು ನೂರಕ್ಕೆ ಐದೇ ಎಂದು ಕೇಳಲು ಹಗುರ. ಗುಣಿಸಿದರೆ 434 ಕೋಟಿ. ಬಸ್ಸಿನ ನಷ್ಟವನ್ನೇ ತುಂಬಲಾರದ ಸಂಸ್ಥೆಗೆ ಇದು ಸಣ್ಣ ಮಾತಲ್ಲ.

ಮೆಟ್ರೋ ಬೇಡವಿತ್ತೆಂದು ನಾವು ಹೇಳುತ್ತಿಲ್ಲ. 2019ರ ಮಾರ್ಚಿನಲ್ಲಿ ಖಾಪರಿ–ಸೀತಾಬರ್ಡಿ ದಾರಿ ತೆರೆದ ಮೇಲೆ ಊರಿನಿಂದ ಬಂದ ನಮ್ಮ ಅವ್ವನನ್ನು ಕರೆದುಕೊಂಡು ಹೋಗಿದ್ದೆವು. ತಂಪು ಗಾಡಿ, ನೂಕುನುಗ್ಗಲಿಲ್ಲ, ಏರಲು ಲಿಫ್ಟು. ಅವ್ವನಿಗೆ ಸಂತೋಷವಾಯಿತು. ಇಳಿದ ಮೇಲೆ ಬಸ್ಸು ಸಿಗದೆ ಆಟೋ ಹಿಡಿದೆವು. ಆಟೋದವನು ಕೇಳಿದ್ದು ಮೂವರ ಮೆಟ್ರೋ ಟಿಕೆಟ್ಟಿಗಿಂತ ಹೆಚ್ಚು. “ಗಾಡಿ ಛಲೋ ಐತಿ, ಆದ್ರ ಮನೀತನಕ ಬರೂದಿಲ್ಲಲ್ಲಪಾ” ಎಂದಳು ಅವ್ವ. ಸಾರಿಗೆ ತಜ್ಞರ ವರದಿಗಳಲ್ಲಿ ನಾವು ಓದಿದ್ದೂ ಹೆಚ್ಚುಕಡಿಮೆ ಇದನ್ನೇ.

ಹಾಗಾದರೆ ತೀರ್ಪೇನು? ಮೆಟ್ರೋವನ್ನು ಯಾವ ಮಹಾಪೌರರ ಜಮಾದಲ್ಲೂ ಖರ್ಚಿನಲ್ಲೂ ಬರೆಯಲಾಗದು. ಅದು ಕೇಂದ್ರ-ರಾಜ್ಯಗಳ ಕೆಲಸ. ಫಡಣವೀಸರ ಹೆಸರು ಅದಕ್ಕೆ ಅಂಟಿಕೊಂಡಿರುವುದು 2014ರಿಂದ ಮುಖ್ಯಮಂತ್ರಿಯಾದ ಕಾರಣದಿಂದಲೇ ಹೊರತು ಮಹಾಪೌರಗಿರಿಯಿಂದಲ್ಲ. ಬಸ್ಸನ್ನು ಮಾತ್ರ 2007ರ ನಂತರದ ಮಹಾಪೌರರೆಲ್ಲರ ಖಾತೆಗೆ ಹಾಕಬೇಕು. ಅಲ್ಲಿ ಶಿಲ್ಕು ಕಡಿಮೆ. ಕೈಯಲ್ಲಿ ಹಣವಿಲ್ಲದವರು, ಸಹಿಯ ಅಧಿಕಾರವಿಲ್ಲದವರು, ಎರಡೂವರೆ ವರ್ಷಕ್ಕೆ ಕುರ್ಚಿ ಬಿಡುವವರು ಎಂದು ಸ್ವಲ್ಪ ಮಾಫಿ ಕೊಡೋಣ. ಆದರೂ ಮೆಟ್ರೋ ನಿಲ್ದಾಣಕ್ಕೆ ಹತ್ತು ಬಸ್ಸು ಜೋಡಿಸಿ ಎಂದು ಸಭೆಯಲ್ಲಿ ಮೇಜು ಕುಟ್ಟುವುದಕ್ಕೆ ಹಣವೇನೂ ಬೇಕಿರಲಿಲ್ಲ. 1999ರಲ್ಲಿ ಆ ಪ್ರಯೋಗವನ್ನು ನಿಲ್ಲಿಸಿದ್ದು ತಪ್ಪೆಂದೇ ನಮ್ಮ ಅಭಿಪ್ರಾಯ. ಒಪ್ಪದವರು ಕಾಫಿಯ ಹೊತ್ತಿಗೆ ಜಗಳಕ್ಕೆ ಬರಲಿ.

2022ರ ಮಾರ್ಚಿನಲ್ಲಿ ಕಾರ್ಪೊರೇಶನ್ನಿನ ಅವಧಿ ಮುಗಿಯಿತು. ಚುನಾವಣೆ ಮುಂದೆ ಹೋಗುತ್ತಲೇ ಇತ್ತು, ವರ್ಷಗಟ್ಟಲೆ ಆಡಳಿತಾಧಿಕಾರಿಯ ಕಾರುಬಾರು. ಬೆಂಗಳೂರಿನಲ್ಲಿಯೂ 2020ರ ಸೆಪ್ಟೆಂಬರಿನಿಂದ ಇದೇ ಕಥೆ. 2022ರ ಡಿಸೆಂಬರ್ 11ರಂದು ಪ್ರಧಾನಮಂತ್ರಿಗಳು ಇಲ್ಲಿಗೆ ಬಂದು ಪೂರ್ತಿಯಾದ ಮೊದಲ ಹಂತದ ಮೆಟ್ರೋವನ್ನು ಉದ್ಘಾಟಿಸಿ, ಎರಡನೆಯ ಹಂತಕ್ಕೆ ಶಿಲಾನ್ಯಾಸ ಮಾಡಿದರು. ಅಂದು ನಗರದ ಪ್ರಥಮ ಪ್ರಜೆಯ ಕುರ್ಚಿ ಒಂಬತ್ತು ತಿಂಗಳಿಂದ ಖಾಲಿಯಾಗಿತ್ತು.