ಏಳನೇ ವರ್ಷ ಮುಷ್ಟಿ ಬಿಚ್ಚಬೇಕು

ಇಸ್ರೇಲ್ ಅಂದ ಕೂಡಲೇ ನಮಗೆ ಎರಡು ವಿಷಯ ನೆನಪಾಗುತ್ತೆ. ಒಂದು ಯುದ್ಧ, ಇನ್ನೊಂದು ಹನಿ ನೀರಾವರಿ. ಮರಳುಗಾಡಲ್ಲೂ ಟೊಮೆಟೊ ಬೆಳೆಯೋ ಜನ ಅಂತ ನಾವೇ ಎಷ್ಟು ಸಲ ಸುದ್ದಿ ಮಾಡಿಲ್ಲ? ಅದೇ ದೇಶದಲ್ಲಿ 2021ರ ಸೆಪ್ಟೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಕೆಲವು ರೈತರು ಹೊಲಕ್ಕೆ ಬೀಜವನ್ನೇ ಹಾಕಲಿಲ್ಲ. ಕಾರಣ ಬರ ಅಲ್ಲ, ಬೆಲೆ ಕುಸಿತ ಅಲ್ಲ, ಮುಷ್ಕರವೂ ಅಲ್ಲ. ಯಹೂದಿ ಪಂಚಾಂಗದ ಪ್ರಕಾರ ಅದು ಏಳನೇ ವರ್ಷ. ಅದರ ಹೆಸರು ಶ್ಮಿತಾ. ನಮ್ಮ ಸ್ಮಿತಾಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಮೊದಲೇ ಹೇಳಿಬಿಡ್ತೀನಿ.

ಬಹಳ ಜನ ಇದನ್ನು ‘ವಿಶ್ರಾಂತಿ ವರ್ಷ’ ಅಂತ ಕರೀತಾರೆ. ಆದರೆ ವಿಶ್ರಾಂತಿ ಅನ್ನೋದು ಪಕ್ಕದ ಮನೆಯ ಪದದ ಅರ್ಥ. ವಾರದ ಏಳನೇ ದಿನಕ್ಕೆ ಶಬ್ಬಾತ್ ಅಂತಾರಲ್ಲ, ಆ ಪದದ ಮೂಲದಲ್ಲಿ ಕೆಲಸ ನಿಲ್ಲಿಸು ಅನ್ನೋ ಅರ್ಥ ಇದೆ. ಪ್ರೊಫೆಸರುಗಳು ತಗೊಳ್ಳೋ ಸಬ್ಯಾಟಿಕಲ್ ರಜೆಯ ಹೆಸರು ಹುಟ್ಟಿದ್ದು ಅಲ್ಲಿಂದ. ಶ್ಮಿತಾ ಬಂದಿರೋದು ಬೇರೆ ಧಾತುವಿನಿಂದ. ಅದರ ಅರ್ಥ: ಹಿಡಿದದ್ದನ್ನು ಕೈಬಿಡು, ಬೀಳೋಕೆ ಬಿಡು. ಬೈಬಲ್‌ನಲ್ಲಿ ಈಜೆಬೆಲ್ ರಾಣಿಯ ಕಥೆ ಬರುತ್ತೆ. ಅವಳನ್ನು ಕಿಟಕಿಯಿಂದ ಕೆಳಗೆ ಹಾಕಿ ಅಂತ ಯೇಹು ಅಪ್ಪಣೆ ಕೊಡ್ತಾನೆ. ಅಲ್ಲಿ ಬಳಸಿರೋದು ಇದೇ ಕ್ರಿಯಾಪದ! ಅಂದರೆ ಇದು ಹಾಯಾಗಿ ಮಲಗಿ ಅನ್ನೋ ಪದ ಅಲ್ಲ. ಮುಷ್ಟಿ ಬಿಚ್ಚಿ ಅನ್ನೋ ಪದ.

ನಮ್ಮ ರೈತನಿಗೆ ಇದನ್ನು ವಿವರಿಸೋದು ಸುಲಭ. ಉಳದೆ ಬಿಟ್ಟ ಹೊಲಕ್ಕೆ ಅವನು ಬೀಳು ಅಂತಾನೆ. ‘ಈ ವರ್ಷ ಬೀಳು ಬಿಟ್ಟಿದ್ದೀನಿ’ ಅಂತಾನೆ. ಬೀಳು, ಬಿಡು. ಹಿಬ್ರೂ ಪದದ ಒಳಗಿರೋದು ಹೆಚ್ಚುಕಡಿಮೆ ಇವೆರಡೇ.

ಏನನ್ನು ಬಿಡಬೇಕು? ಮೊದಲು ಭೂಮಿಯನ್ನು. ಆರು ವರ್ಷ ಬಿತ್ತು, ಏಳನೇ ವರ್ಷ ಬಿಡು, ತಾನಾಗಿ ಬೆಳೆದದ್ದನ್ನು ಬಡವರು ತಿನ್ನಲಿ, ಉಳಿದದ್ದು ಕಾಡುಪ್ರಾಣಿಗಳಿಗೆ ಅನ್ನುತ್ತೆ ವಿಮೋಚನಕಾಂಡ. ಎರಡನೆಯದು ಸಾಲ. ಏಳನೇ ವರ್ಷದ ಕೊನೆಗೆ, ಕೊಟ್ಟ ಸಾಲದ ಮೇಲಿನ ಹಿಡಿತವನ್ನೂ ಸಡಿಲಿಸಬೇಕು ಅನ್ನುತ್ತೆ ಧರ್ಮೋಪದೇಶಕಾಂಡ. ಹೊರಗಿನವರಿಗೆ ಈ ರಿಯಾಯಿತಿ ಇಲ್ಲ, ತಮ್ಮವರಿಗೆ ಮಾತ್ರ. ಅದನ್ನೂ ಮುಚ್ಚಿಡಬಾರದು.

ಸಾಲ ಮನ್ನಾ ಇವರು ಕಂಡುಹಿಡಿದದ್ದೇನಲ್ಲ. ಬಾಬಿಲೋನಿನ ರಾಜರು ಇವರಿಗಿಂತ ಮುಂಚೆಯೇ ಮಾಡಿದ್ದರು. ಹಮ್ಮುರಾಬಿಯ ವಂಶದ ಅಮ್ಮಿಸದೂಕ ಹೊರಡಿಸಿದ ಮನ್ನಾ ಶಾಸನ ಜೇಡಿಮಣ್ಣಿನ ಹಲಗೆಗಳ ಮೇಲೆ ಇವತ್ತಿಗೂ ಉಳಿದಿದೆ. ಆದರೆ ಅಲ್ಲಿ ರಾಜನಿಗೆ ಮನಸ್ಸು ಬರಬೇಕು. ಹೊಸ ರಾಜ ಸಿಂಹಾಸನ ಏರಿದಾಗ ಜನರನ್ನು ಖುಷಿಪಡಿಸೋಕೆ ಘೋಷಣೆ ಆಗ್ತಿತ್ತು. (ಎಲ್ಲೋ ಕೇಳಿದ ಹಾಗಿದೆ ಅಲ್ವಾ?) ಯಹೂದಿಗಳ ನಿಯಮ ಆ ಅಧಿಕಾರವನ್ನು ರಾಜನ ಕೈಯಿಂದ ತೆಗೆದು ಕ್ಯಾಲೆಂಡರ್‌ಗೆ ಕೊಟ್ಟಿತು. ನಾನು ಓದಿದ್ದು ಎಂಜಿನಿಯರಿಂಗ್. ನನಗೆ ಇದು ಪ್ಲ್ಯಾನ್ಡ್ ಶಟ್‌ಡೌನ್ ಥರ ಕಾಣುತ್ತೆ. ಯಂತ್ರ ಕೆಟ್ಟ ಮೇಲೆ ನಿಲ್ಲಿಸೋದು ಬೇರೆ, ಕೆಡೋ ಮುಂಚೆ ತಾರೀಖು ಹಾಕಿ ನಿಲ್ಲಿಸೋದು ಬೇರೆ.

ಆದರೆ ತಾರೀಖು ಎಲ್ಲರಿಗೂ ಗೊತ್ತಿದ್ದರೆ ಏನಾಗುತ್ತೆ? ಆರನೇ ವರ್ಷ ಬಂತು ಅಂದರೆ ಸಾಹುಕಾರ ಬಾಗಿಲು ಹಾಕ್ತಾನೆ. ಮುಂದಿನ ವರ್ಷ ಹೋಗೇಬಿಡೋ ದುಡ್ಡನ್ನು ಇವತ್ತು ಯಾರು ಕೊಡ್ತಾರೆ? ನಿಯಮ ಬರೆದವರಿಗೂ ಈ ಅನುಮಾನ ಇತ್ತು. ಏಳನೇ ವರ್ಷ ಹತ್ತಿರ ಬಂತು ಅಂತ ಬಡವನಿಗೆ ಕೈ ಬಿಗಿಹಿಡಿಯಬೇಡ ಅಂತ ಅದೇ ಅಧ್ಯಾಯದಲ್ಲಿ ಎಚ್ಚರಿಕೆ ಇದೆ. ಎಚ್ಚರಿಕೆ ಕೆಲಸ ಮಾಡಲಿಲ್ಲ. ಬಡವನಿಗಾಗಿ ಮಾಡಿದ ನಿಯಮ ಬಡವನ ಕುತ್ತಿಗೆಗೇ ಬಂತು.

ಆಗ ಬಂದವನು ಹಿಲ್ಲೆಲ್. ಕ್ರಿಸ್ತಪೂರ್ವ ಮೊದಲನೇ ಶತಮಾನದ ದೊಡ್ಡ ಧರ್ಮಗುರು. ಇವನೇನೂ ಸಾಹುಕಾರರ ಪಕ್ಷದವನಲ್ಲ. ಕೂಲಿ ಮಾಡಿ, ಬಂದ ಕೂಲಿಯಲ್ಲಿ ಅರ್ಧ ಪಾಠಶಾಲೆಯ ಬಾಗಿಲು ಕಾಯುವವನಿಗೆ ಕೊಟ್ಟು ಓದಿದವನು ಅನ್ನುತ್ತೆ ಪರಂಪರೆ. ಅವನು ತಂದದ್ದು ಪ್ರೊಜ್ಬುಲ್ ಅನ್ನೋ ಪತ್ರ. ಸಾಲ ಕೊಟ್ಟವನು ತನ್ನ ಬಾಕಿಯನ್ನು ನ್ಯಾಯಾಧೀಶರಿಗೆ ಒಪ್ಪಿಸಿದ್ದೇನೆ ಅಂತ ಬರೆದುಕೊಡ್ತಾನೆ. ಬಾಕಿ ನ್ಯಾಯಾಲಯದ ಸುಪರ್ದಿಗೆ ಹೋಯಿತು. ಮನ್ನಾ ಆಗೋದು ವ್ಯಕ್ತಿ ವ್ಯಕ್ತಿಗೆ ಕೊಟ್ಟ ಸಾಲ ಮಾತ್ರ, ನ್ಯಾಯಾಲಯಕ್ಕೆ ಒಪ್ಪಿಸಿದ್ದಲ್ಲ. ಕಾನೂನು ಹಾಗೇ ಉಳಿಯಿತು, ಸಾಲವೂ ಉಳಿಯಿತು, ಸಾಹುಕಾರನ ಬಾಗಿಲೂ ತೆರೆಯಿತು. ಇದನ್ನು ಜಾಣತನದ ಮೋಸ ಅನ್ನುವವರು ಇದ್ದಾರೆ. ನನಗೆ ಹಾಗನ್ನಿಸಲ್ಲ. ಮನೆಯಲ್ಲಿ ಹಿಟ್ಟಿಲ್ಲದವನಿಗೆ ನಾಳಿನ ಮನ್ನಾಗಿಂತ ಇವತ್ತಿನ ಸಾಲ ಮುಖ್ಯ.

ಭೂಮಿ ಬಿಡೋದೂ ಸುಲಭ ಇರಲಿಲ್ಲ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಸೆಲ್ಯೂಕಿಡ್ ಸೈನ್ಯ ಬೇತ್‌ಸೂರ್ ಕೋಟೆಯನ್ನು ಮುತ್ತಿದಾಗ ಒಳಗಿದ್ದವರು ಶರಣಾದರು. ಅದು ಶ್ಮಿತಾ ವರ್ಷ, ಕಣಜದಲ್ಲಿ ಕಾಳಿರಲಿಲ್ಲ. ಜೂಲಿಯಸ್ ಸೀಸರ್ ಏಳನೇ ವರ್ಷ ಯಹೂದಿಗಳಿಗೆ ಕಪ್ಪ ಮಾಫಿ ಮಾಡಿದ ಅಂತ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಬೆಳೆಯೇ ಇಲ್ಲದ ಕಡೆ ರೋಮ್ ತಾನೆ ಏನು ವಸೂಲಿ ಮಾಡೀತು?

ಆಮೇಲೆ ಯಹೂದಿಗಳು ಚದುರಿಹೋದರು. ಭೂಮಿಯ ನಿಯಮ ಇಸ್ರೇಲ್ ನೆಲಕ್ಕೆ ಮಾತ್ರ ಅನ್ವಯ ಆಗೋದರಿಂದ ಅದು ಹೆಚ್ಚಾಗಿ ಪುಸ್ತಕದಲ್ಲೇ ಉಳಿಯಿತು. 1880ರ ದಶಕದಲ್ಲಿ ರಷ್ಯಾ, ರೊಮೇನಿಯಾದಿಂದ ಬಂದವರು ಅಲ್ಲಿ ಮತ್ತೆ ನೇಗಿಲು ಹಿಡಿದರು. 1888ರ ಶರತ್ಕಾಲಕ್ಕೆ ಶ್ಮಿತಾ ಬಂದೇಬಿಟ್ಟಿತು. ಒಂದು ವರ್ಷ ಬಿತ್ತದಿದ್ದರೆ ಹೊಸ ಹಳ್ಳಿಗಳು ಖಾಲಿಯಾಗೋ ಸ್ಥಿತಿ. ಆಗ ಹುಡುಕಿದ ದಾರಿ: ಭೂಮಿಯನ್ನು ತಾತ್ಕಾಲಿಕವಾಗಿ ಯಹೂದಿಯಲ್ಲದವರಿಗೆ ಮಾರೋದು, ಆಮೇಲೆ ವಾಪಸ್ ಪಡೆಯೋದು. ಜೆರುಸಲೇಮಿನ ಕೆಲವು ಧರ್ಮಗುರುಗಳು ಕೆಂಡವಾದರು. 1909-10ರ ಶ್ಮಿತಾದಲ್ಲಿ ಅಬ್ರಹಾಂ ಐಸಾಕ್ ಕೂಕ್ ಈ ಮಾರಾಟವನ್ನು ಸಮರ್ಥಿಸಿ ‘ಶಬ್ಬಾತ್ ಹಾಆರೆಟ್ಸ್’ ಅನ್ನೋ ಪುಸ್ತಕವನ್ನೇ ಬರೆದರು.

ಆ ಜಗಳ ಇನ್ನೂ ಮುಗಿದಿಲ್ಲ. ಮಾರಾಟ ಇವತ್ತಿಗೂ ನಡೆಯುತ್ತೆ. ಅದನ್ನು ಒಪ್ಪದ ಕಟ್ಟುನಿಟ್ಟಿನವರು ಆ ವರ್ಷ ಹೊಲದ ಗೇಟಿಗೆ ಬೋರ್ಡ್ ಹಾಕಿ ಬೀಳು ಬಿಡ್ತಾರೆ. ಮುಂದಿನ ಶ್ಮಿತಾ ಶುರುವಾಗೋದು 2028ರ ಸೆಪ್ಟೆಂಬರ್‌ನಲ್ಲಿ.