ಮುಳ್ಳಿಲ್ಲದ ಗಡಿಯಾರ

ಬ್ಯಾಂಕಿನಲ್ಲಿ ಜಮಾ-ಖರ್ಚು ತಾಳೆ ನೋಡುವ ನಮ್ಮಂಥವರಿಗೆ ಚಿತ್ರಕಲೆಯ ಗೊಡವೆ ಏತಕ್ಕೆಂದು ಓದುಗ ಬಂಧುಗಳು ಕೇಳಬಹುದು. ಆಧುನಿಕ ಚಿತ್ರಕಲೆಗೆ ಹಾದಿ ಹಾಕಿಕೊಟ್ಟ ಫ್ರಾನ್ಸಿನ ಪಾಲ್ ಸೆಜಾನ್ ಕೆಲಕಾಲ ನಮ್ಮ ಕಸುಬಿನವನೇ ಆಗಿದ್ದನೆಂಬುದೇ ನಮ್ಮ ಉತ್ತರ.

ಆತನು 1869ರ ಸುಮಾರಿಗೆ ಬರೆದ ‘ಕಪ್ಪು ಗಡಿಯಾರ’ ಎಂಬ ಚಿತ್ರವೊಂದುಂಟು. ಮೇಜಿನ ಮೇಲೆ ಬಿಳಿಯ ಬಟ್ಟೆ. ಅದರ ನೆರಿಗೆಗಳು ಕಲ್ಲಿನಲ್ಲಿ ಕಡೆದಂತೆ ನೆಟ್ಟಗೆ ಇಳಿದಿವೆ. ಕೆಂಪು ಬಾಯಿಯ ದೊಡ್ಡ ಶಂಖ, ಒಂದು ನಿಂಬೆಹಣ್ಣು, ಬಟ್ಟಲು, ಹೂದಾನಿ, ಜೊತೆಗೆ ಕಪ್ಪು ಕಲ್ಲಿನ ಗಡಿಯಾರ. ಆ ಗಡಿಯಾರಕ್ಕೆ ಮುಳ್ಳುಗಳೇ ಇಲ್ಲ! ಹೀಗೆ ಮನುಷ್ಯರನ್ನು ಬಿಟ್ಟು ವಸ್ತುಗಳನ್ನಷ್ಟೇ ತೋರಿಸುವುದಕ್ಕೆ ಸ್ಥಿರವಸ್ತು ಚಿತ್ರವೆನ್ನುವರು. ಗಡಿಯಾರವು ಗೆಳೆಯ ಎಮಿಲ್ ಜೋಲಾನ ಮನೆಯದು. ಚಿತ್ರವೂ ಅವನ ಕೈಸೇರಿತು.

ಆ ಗೆಳೆತನದ ಬೇರು ಏಕ್ಸ್ ಎಂಬ ದಕ್ಷಿಣದ ಊರಿನಲ್ಲಿದೆ. ಸೆಜಾನ್ 1839ರಲ್ಲಿ ಅಲ್ಲಿಯೇ ಹುಟ್ಟಿದವನು. ಜೋಲಾ ಪ್ಯಾರಿಸಿನಿಂದ ಬಂದವನು. ಇಟಲಿ ಮೂಲದ ಇಂಜಿನಿಯರ್ ತಂದೆ 1847ರಲ್ಲಿ ತೀರಿಹೋದ ಮೇಲೆ ಬಡತನ. ಮಾತಿನ ಧಾಟಿ ಬೇರೆಯೆಂದು ಶಾಲೆಯ ಹುಡುಗರು ಹಾಸ್ಯಮಾಡಿ ಅವನನ್ನು ದೂರವಿಟ್ಟರು. ಸೆಜಾನ್ ಅವನೊಡನೆ ಮಾತಾಡಿದ್ದಕ್ಕಾಗಿ ಪೆಟ್ಟು ತಿಂದನು. ಮರುದಿನ ಜೋಲಾ ಒಂದು ಬುಟ್ಟಿ ಸೇಬು ತಂದುಕೊಟ್ಟನು. ಇದು ಸೆಜಾನನೇ ಮುಪ್ಪಿನಲ್ಲಿ ಹೇಳಿಕೊಂಡ ಸಂಗತಿ.

ತಂದೆ ಟೋಪಿ ವ್ಯಾಪಾರದಲ್ಲಿ ಗಳಿಸಿ 1848ರಲ್ಲಿ ಬ್ಯಾಂಕು ತೆರೆದಿದ್ದನು. ಮಗನು ವಕೀಲನಾಗಲೆಂದು ಆತನ ಆಸೆ. ಮಗನೋ ಕಾನೂನು ಓದುತ್ತಲೇ ಊರಿನ ಚಿತ್ರಶಾಲೆಗೂ ಹೋಗುತ್ತಿದ್ದನು. 1861ರಲ್ಲಿ ಪ್ಯಾರಿಸಿಗೆ ಹೋದವನು ಕೆಲವೇ ತಿಂಗಳಲ್ಲಿ ನಿರಾಶನಾಗಿ ಮರಳಿ ತಂದೆಯ ಬ್ಯಾಂಕಿನಲ್ಲಿ ಕುಳಿತನು. ಲೆಕ್ಕದ ಪುಸ್ತಕದಲ್ಲಿಯೇ ಏನೇನೋ ಗೀಚಿದನಂತೆ! 1862ರಲ್ಲಿ ಮತ್ತೆ ಪ್ಯಾರಿಸಿಗೆ ಹೊರಟನು. ಅಲ್ಲಿ ದಕ್ಷಿಣದ ಉಚ್ಚಾರಣೆಯ ಪರಸ್ಥಳದವನೆನಿಸಿಕೊಳ್ಳುವ ಸರದಿ ಅವನದಾಯಿತು. ಜೋಲಾ ಅಷ್ಟುಹೊತ್ತಿಗೆ ಅಲ್ಲಿದ್ದನು.

ಲೂವ್ರ್ ಸಂಗ್ರಹಾಲಯದಲ್ಲಿ ಸೆಜಾನ್ ಹಿರಿಯರ ಚಿತ್ರಗಳನ್ನು ನಕಲು ಮಾಡಿ ಕಲಿತನು. ದೆಲಕ್ರಾನಿಂದ ಆವೇಶವನ್ನೂ, ಕೂರ್ಬೆಯಿಂದ ಅಲಗಿನಲ್ಲಿ ದಪ್ಪನೆ ಬಣ್ಣ ಮೆತ್ತುವ ಧೈರ್ಯವನ್ನೂ, ಮನೆಯ ಚಿತ್ರಗಳಿಂದ ಕಪ್ಪು-ಬಿಳುಪಿನ ಎದುರುಬದುರನ್ನೂ ಪಡೆದನು. ‘ಕಪ್ಪು ಗಡಿಯಾರ’ದಲ್ಲಿ ಈ ಸಾಲಗಳೆಲ್ಲ ಕಾಣುತ್ತವೆ. ಆದರೆ ಸದ್ದಡಗಿದ ಆ ಗಾಂಭೀರ್ಯವು ಅವನ ಸ್ವಂತ ಗಳಿಕೆ. 1872ರಿಂದ ಪಿಸಾರೋ ಎಂಬ ಹಿರಿಯನ ಜೊತೆ ಬಯಲಿನಲ್ಲಿ ಕೆಲಸಮಾಡಿದ ಮೇಲೆ ಕಪ್ಪು ಕರಗಿ ಬಣ್ಣಗಳು ತಿಳಿಯಾದವು. ಮುಂದೆ ಸೇಬುಗಳೇ ಅವನ ಮೇಜನ್ನು ತುಂಬಿದವು.

1878ರಲ್ಲಿ ತಂದೆ ಮುನಿದು ಹಣ ಕಡಿತಮಾಡಿದಾಗ ಸೆಜಾನನ ಸಂಸಾರಕ್ಕೆ ತಿಂಗಳಿಗೆ 60 ಫ್ರಾಂಕ್ ಕಳುಹಿಸಿ ಕೈಹಿಡಿದವನು ಜೋಲಾ. ಆದರೆ 1886ರಲ್ಲಿ ಜೋಲಾ ಸೋತುಹೋದ ಚಿತ್ರಗಾರನೊಬ್ಬನ ಕಾದಂಬರಿ ಬರೆದನು. ಅಲ್ಲಿಗೆ ಸ್ನೇಹ ಮುರಿಯಿತೆಂದು ಬಹುಕಾಲ ನಂಬಲಾಗಿತ್ತು. ಸೆಜಾನ್ 1887ರ ನವೆಂಬರಿನಲ್ಲಿ ಜೋಲಾನಿಗೆ ಬರೆದ ಕಾಗದವೊಂದು 2013ರಲ್ಲಿ ಬೆಳಕಿಗೆ ಬಂದು, ಆ ನಂಬಿಕೆಯನ್ನು ತಿದ್ದಿತು. ಸ್ನೇಹ ಬಾಡಿದ್ದು ನಿಜ. ಒಂದೇ ಪೆಟ್ಟಿಗೆ ಕಡಿದುಬೀಳಲಿಲ್ಲ. ಜೋಲಾ 1902ರಲ್ಲಿ ತೀರಿಕೊಂಡನು. 1906ರಲ್ಲಿ ಏಕ್ಸಿನಲ್ಲಿ ಅವನ ಪ್ರತಿಮೆಯನ್ನು ಅನಾವರಣಗೊಳಿಸಿದಾಗ ವೃದ್ಧ ಸೆಜಾನ್ ಬಿಕ್ಕಿಬಿಕ್ಕಿ ಅತ್ತನು. ಅದೇ ವರ್ಷದ ಅಕ್ಟೋಬರಿನಲ್ಲಿ ತಾನೂ ಹೊರಟುಹೋದನು.

ಕಲಾವಿದನನ್ನು ರೂಪಿಸಿದ ಪ್ರಭಾವಗಳೆಂದರೆ ಸಂಗ್ರಹಾಲಯ, ಗುರುಹಿರಿಯರು ಎಂದಷ್ಟೇ ನಾವು ಬರೆದಿಡುತ್ತೇವೆ. ತಂದೆಯ ಬ್ಯಾಂಕಿನ ಹಣವನ್ನೂ ಶಾಲೆಯ ಗೆಳೆಯನನ್ನೂ ಆ ಲೆಕ್ಕಕ್ಕೆ ಸೇರಿಸದಿದ್ದರೆ ತಾಳೆಯಾಗದು. ಹೊರನಾಡಿನ ಶಾಲೆಗಳಲ್ಲಿ ಮಾತಿನ ಧಾಟಿಗಾಗಿ ನಗೆಗೀಡಾಗುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರ ಪಕ್ಕದಲ್ಲಿ ಬಂದು ಕೂಡುವ ಸಹಪಾಠಿಯೊಬ್ಬನಿದ್ದರೆ, ಅವನನ್ನು ಮನೆಗೆ ಕರೆದು ಒಂದು ಹಣ್ಣು ಕೊಡೋಣ.