ನಿಯತ್ತು ಯಾವ ಮತದ್ದು?

ಸಿರುಗುಪ್ಪದ ಚಹಾದಂಗಡಿಯೊಂದರಲ್ಲಿ ಭತ್ತದ ದಲ್ಲಾಳಿಯೊಬ್ಬನ ಮಾತು ನಡೆದಿತ್ತು. ‘ಅವಗ ನಿಯತ್ತಿಲ್ಲ ಬಿಡ್ರಿ’ ಅಂದವರ ಹಣೆಯ ಮೇಲೆ ಮೂರೆಳೆ ವಿಭೂತಿ. ಪದ ಮಾತ್ರ ಅರಬ್ಬಿ. ನಮಾಜಿಗೆ ನಿಲ್ಲುವ ಮುನ್ನ, ರೋಜಾ ಹಿಡಿಯುವ ಮುನ್ನ ಮನಸ್ಸಿನೊಳಗೆ ಮಾಡುವ ಸಂಕಲ್ಪ ನಿಯ್ಯತ್. ಉರ್ದುವಿನ ದಾರಿ ಹಿಡಿದು ಬಂದು, ಕನ್ನಡದಲ್ಲಿ ಅದು ಮನುಷ್ಯನಿಗಿಂತ ನಾಯಿಗೇ ಹೆಚ್ಚೆಂದು ನಾವು ಹೊಗಳುವ ಗುಣವಾಯಿತು.

ನಾನು ಹುಡುಕಿಕೊಂಡು ಹೊರಟದ್ದು ಈ ಪದವನ್ನಲ್ಲ. ಅರ್ಜಿ ನಮೂನೆಗಳಲ್ಲೊಂದು ಕಾಲಂ ಇರುತ್ತದಲ್ಲ, ಅದನ್ನು. ಇಂಗ್ಲಿಷಿನಲ್ಲಿ ರಿಲಿಜನ್, ಉರ್ದುವಿನಲ್ಲಿ ಮಜಹಬ್, ಕನ್ನಡದಲ್ಲಿ ಒಮ್ಮೆ ಮತ, ಒಮ್ಮೆ ಧರ್ಮ. ಈ ನಾಲ್ಕರ ನಡುವೆ ಸಮಚಿಹ್ನೆ ಹಾಕಿದವರು ಯಾರು?

ಗುಮಾನಿ ಮೊದಲು ಹೋದದ್ದು ಬಳ್ಳಾರಿಯ ಪಾದ್ರಿಗಳ ಮೇಲೆ. ನಿಜಾಮನು 1800ರಲ್ಲಿ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಹತ್ತು ವರ್ಷಕ್ಕೆ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. ಅವರ ಜೊತೆಗೂಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಒಂದು ಪದದ ಎದುರು ಇನ್ನೊಂದು ಪದ ಕೂರಿಸುವುದು ನಿಘಂಟಿನ ಕಸುಬೇ. ಹಾಗಾಗಿ ರಿಲಿಜನ್ನಿನ ಎದುರು ಮತವನ್ನು ಕೂರಿಸಿ ಹೊಸ ಅರ್ಥ ಹುಟ್ಟಿಸಿದವರು ಇವರೇ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಅಡಿಗೆರೆಯನ್ನೂ ಎಳೆದುಬಿಟ್ಟೆ. ಆತುರ.

ಆ ಅಡಿಗೆರೆ ಅಳಿಸುವಂತೆ ಮಾಡಿದ್ದು ಉರ್ದು ನಿಘಂಟು. ಜಾನ್ ಪ್ಲಾಟ್ಸ್ 1884ರಲ್ಲಿ ಪ್ರಕಟಿಸಿದ ಕೋಶದಲ್ಲಿ ಮಜಹಬ್ ತೆರೆದೆ. ಧಾತುವಿನ ಅರ್ಥ ‘ಹೋಗು’. ಅಂದರೆ ಮಜಹಬ್ ಮೊದಲಿಗೆ ಹೋಗುವ ದಾರಿ, ನಡೆಯುವ ರೀತಿ. ಆಮೇಲೆ ಪಂಥ, ನಂಬಿಕೆ. ಅರಬ್ಬಿಯಲ್ಲಿ ಇಂದಿಗೂ ಅದು ಮುಖ್ಯವಾಗಿ ಶಾಸ್ತ್ರ ಬಿಡಿಸುವ ಒಂದೊಂದು ಪರಂಪರೆಯ ಹೆಸರು. ಹನಫಿ, ಶಾಫಿ, ಮಾಲಿಕಿ, ಹಂಬಲಿ: ನಾಲ್ಕು ಮಜಹಬ್, ಇಸ್ಲಾಂ ಒಂದೇ. ಇದನ್ನು ಓದುತ್ತಿದ್ದಂತೆ ನೆನಪಾದದ್ದು ಮತತ್ರಯ. ಶಂಕರ, ರಾಮಾನುಜ, ಮಧ್ವರದು ಮೂರು ಮತ, ವೇದಾಂತ ಒಂದೇ. ಮತ ಎಂದರೆ ಮೂಲದಲ್ಲಿ ಎಣಿಕೆ, ಅಭಿಪ್ರಾಯ. ಬಹುಮತ, ಮತಪೆಟ್ಟಿಗೆ, ಮತಗಟ್ಟೆಗಳಲ್ಲಿ ಆ ಹಳೆಯ ಅರ್ಥ ಇನ್ನೂ ದುಡಿಯುತ್ತಿದೆ. ಒಬ್ಬ ಆಚಾರ್ಯನ ಅಭಿಪ್ರಾಯ ಅಲ್ಲಿ, ಒಬ್ಬ ಇಮಾಮನ ದಾರಿ ಇಲ್ಲಿ. ಎರಡು ಪದಗಳೂ ಒಂದೇ ಕೆಲಸ ಮಾಡುತ್ತಿದ್ದವು, ಎರಡೂ ಬೆಳೆದು ಇಡೀ ಸಮುದಾಯದ ಹೆಸರಾದವು. ಪಾದ್ರಿಗಳು ಇಲ್ಲದ ಅರ್ಥ ಹುಟ್ಟಿಸಲಿಲ್ಲ. ಹರಿಯುತ್ತಿದ್ದುದಕ್ಕೆ ಒಡ್ಡು ಕಟ್ಟಿದರು, ಅಷ್ಟೆ.

ರಿಲಿಜನ್ನಿಗೆ ಅರಬ್ಬಿಯಲ್ಲಿರುವ ಇನ್ನೊಂದು ಪದ ದೀನ್, ಮಜಹಬಿಗಿಂತ ಆಳದ್ದು. (ನಮ್ಮ ದೀನ-ದಲಿತದ ದೀನಕ್ಕೂ ಇದಕ್ಕೂ ನಂಟಿಲ್ಲ.) ಕುರಾನಿನಲ್ಲಿ ದೀನ್‌ನ ದಿನವೆಂದರೆ ತೀರ್ಪಿನ ದಿನ. ಅದೇ ಮೂರಕ್ಷರಗಳ ಸ್ವರ ಬದಲಿಸಿದರೆ ದೈನ್, ಅಂದರೆ ಸಾಲ. ತೀರಿಸಬೇಕಾದ್ದು, ಲೆಕ್ಕ ಒಪ್ಪಿಸಬೇಕಾದ್ದು. ಇದಕ್ಕೆ ಕನ್ನಡದಲ್ಲಿ ಹತ್ತಿರದ ಪದ ಕೇಳಿದರೆ ನಾನು ಮತ ಅನ್ನುವುದಿಲ್ಲ, ಋಣ ಅನ್ನುತ್ತೇನೆ. ಇಂಗ್ಲಿಷ್ ಪದದ ಹುಟ್ಟಂತೂ ಎರಡು ಸಾವಿರ ವರ್ಷದ ವ್ಯಾಜ್ಯ. ಲ್ಯಾಟಿನ್ನಿನ ‘ಮತ್ತೆ ಮತ್ತೆ ಓದು’ ಎಂಬುದರಿಂದ ಬಂತೆಂದು ಸಿಸೆರೊ, ‘ಕಟ್ಟು’ ಎಂಬುದರಿಂದ ಬಂತೆಂದು ಲ್ಯಾಕ್ಟಾಂಶಿಯಸ್.

ಕುರುಗೋಡಿಗೆ ಹೋದದ್ದು ಧರ್ಮದ ಬೆನ್ನು ಹತ್ತಿ. ಸಿಂದ ಅರಸರು ಆಳಿದ ಊರು, ದೊಡ್ಡಬಸವೇಶ್ವರನ ಊರು, ಗುಡಿಗಳೂ ಶಾಸನಗಳೂ ಬೇಕಾದಷ್ಟು. ಕನ್ನಡದ ದಾನಶಾಸನಗಳ ಕೊನೆಯ ಶಾಪದ ಭಾಗದಲ್ಲಿ ‘ಈ ಧರ್ಮ’ವನ್ನು ಕಾಯ್ದವನಿಗೆ ಪುಣ್ಯ, ಅಳಿದವನಿಗೆ ಪಾಪ ಎಂದು ಬರುತ್ತದೆ. ಅಲ್ಲಿ ಧರ್ಮವೆಂದರೆ ಬಿಟ್ಟುಕೊಟ್ಟ ಹೊಲ, ತೋಟ, ದೀಪದ ಎಣ್ಣೆ. ಗುಡಿ ಬಾಗಿಲಲ್ಲಿ ‘ಧರ್ಮ ಮಾಡ್ರಿ ತಾಯಿ’ ಅನ್ನುವವರಿಗೆ ಈ ಶಾಸನದ ಅರ್ಥ ಇಂದಿಗೂ ಗೊತ್ತು. ಧರ್ಮಾಸ್ಪತ್ರೆ, ಧರ್ಮಛತ್ರಗಳಿಗೂ ಗೊತ್ತು. ಜನರ ಗುಂಪುಗಳನ್ನು ಬೇರೆ ಮಾಡಿ ಹೇಳಬೇಕಾದಾಗ ಹಳಬರು ಬೇರೆ ಪದ ತೆಗೆದುಕೊಳ್ಳುತ್ತಿದ್ದರು. ಜೈನರಿಗೂ ವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನದಲ್ಲಿ ಆ ಪದ ದರ್ಶನ.

ಹಾಗಾದರೆ ಧರ್ಮ ಕಾಲಮ್ಮಿನೊಳಗೆ ಬಂದದ್ದು ಯಾವಾಗ? ದಫ್ತರುಗಳು ದಾರಿ ತೋರಿಸಿದವು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದ ಜಿಲ್ಲೆ. ಮದ್ರಾಸಿನ ಇನಾಂ ದಾಖಲೆಗಳಲ್ಲಿ ದೇವದಾಯ ಬೇರೆ, ಧರ್ಮದಾಯ ಬೇರೆ: ದೇವರದ್ದು ಒಂದು, ಛತ್ರ-ಅರವಟ್ಟಿಗೆಯದ್ದು ಇನ್ನೊಂದು. ಅಂದರೆ ಆಗಲೂ ಕಚೇರಿಯ ಭಾಷೆಯಲ್ಲಿ ಧರ್ಮ ಎಂದರೆ ದಾನವೇ. 1871ರಿಂದ ಜನಗಣತಿ ಬಂತು. ಗಣತಿಗೆ ನಡೆಯುವ ದಾರಿ ಬೇಡ, ತೀರಿಸುವ ಋಣ ಬೇಡ, ತಲೆಗೊಂದು ಹೆಸರು ಬೇಕು.

ಈಗಿನ ತಮಾಷೆ ನೋಡಿ. ಸೆಕ್ಯುಲರ್ ಎಂಬುದಕ್ಕೆ ಉರ್ದುವಿನಲ್ಲಿ ಕೆಲವರು ‘ಲಾದೀನಿ’ ಅನ್ನುತ್ತಾರೆ, ದೀನ್ ಇಲ್ಲದ್ದು ಎಂದು; ಅದು ಬೈಗುಳದಂತೆ ಕೇಳುತ್ತದೆಂದು ಹಲವರಿಗೆ ಸಿಟ್ಟು. ನಾವು ‘ಜಾತ್ಯತೀತ’ ಅಂದೆವು. ಇಂಗ್ಲಿಷ್ ಪದದಲ್ಲಿ ಇಲ್ಲದ ಜಾತಿ ನಮ್ಮದರಲ್ಲಿ ತಾನಾಗಿ ಬಂದು ಕೂತಿತು. ಅನುವಾದ ತಪ್ಪಿರಬಹುದು, ರೋಗ ಹಿಡಿದದ್ದು ಸರಿಯಾಗಿದೆ.

ವಾಪಸು ಬರುವಾಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇಳಿದೆ. ಕೌಲು ಎಂದರೆ ಅರಬ್ಬಿಯಲ್ಲಿ ಆಡಿದ ಮಾತು. ಕಂದಾಯದವರ ಬಾಯಲ್ಲಿ ಕೊಟ್ಟ ಭರವಸೆಯ ಕಾಗದ. ಹಾಡುವವರ ಬಾಯಲ್ಲಿ ಖವ್ವಾಲಿ. ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಬೆಳೆದಿತ್ತು: ನಿಯತ್ತು, ಬೇಮಾನಿ, ಹರಾಮಿ, ಫಕೀರ, ಮೊಹರಮ್ಮಿನ ರಿವಾಯತ್ ಪದ. ಪೀರಲ ದೇವರ ಮುಂದೆ ಫಾತಿಹಾ ಹೇಳಿಸುವುದಕ್ಕೆ ನಮ್ಮ ಕಡೆ ‘ಸಕ್ಕರೆ ಓದಿಸೋದು’ ಅನ್ನುತ್ತಾರೆ, ಅದನ್ನೂ ಬರೆದುಕೊಂಡೆ. ಇದಕ್ಕೆ ರೀವ್ ಸಾಹೇಬರು ಎದುರು ಪದವಾಗಿ ಏನನ್ನು ಕೂರಿಸುತ್ತಿದ್ದರೋ.